ಲೊಕೇಶನ್ ಕಳಿಸಿ ತಾತ!

ಬೆಂಗಳೂರಿನ ಹೊಟ್ಟೆಯೊಳಗೆ ಸೇರಿಹೋದ ಯಾವುದೋ ಹಳೇ ಹಳ್ಳಿ. ಭಾನುವಾರ ಬೆಳಿಗ್ಗೆ. ಮಾರಮ್ಮನ ಗುಡಿ ಹಿಂದೆ, ಚರಂಡಿ ಪಕ್ಕ, ಜೀನ್ಸ್ ತೊಟ್ಟ ಒಬ್ಬ ಕುಕ್ಕರಗಾಲಲ್ಲಿ ಕೂತು, ಹಾಡುಹಗಲಲ್ಲೇ ಮೊಬೈಲ್ ಟಾರ್ಚ್ ಹಾಕಿಕೊಂಡು ಒಂದು ಕಲ್ಲನ್ನು ದಿಟ್ಟಿಸುತ್ತಿದ್ದಾನೆ ಅನ್ನಿ. ನೋಡಿದವರಿಗೆ ಮೂರು ಅನುಮಾನ ಬರುತ್ತೆ. ಒಂದು, ನಿಧಿ ಅಗೆಯೋನು. ಎರಡು, ರಸ್ತೆ ಅಗಲ ಮಾಡೋಕೆ ಗುರುತು ಹಾಕಲು ಬಂದ ಪಾಲಿಕೆಯೋನು. ಮೂರು, ಸೈಟ್ ಬ್ರೋಕರ್. ಮೂವರಲ್ಲಿ ಊರಿನವರಿಗೆ ಭಯ ಎರಡನೆಯವನದು, ಪ್ರೀತಿ ಮೂರನೆಯವನ ಮೇಲೆ. ‘ಶಾಸನ ಓದೋಕೆ ಬಂದಿದೀನಿ’ ಅಂತ ಅವನು ನಿಜ ಹೇಳಿದರೆ ಮಾತ್ರ ಯಾರೂ ನಂಬೋದಿಲ್ಲ.

ಈ ಕುಕ್ಕರಗಾಲಿನ ಆಸಾಮಿ ನಮ್ಮ ಮನೆತನದಲ್ಲೂ ಒಬ್ಬನಿದ್ದಾನೆ. ನಮ್ಮಕ್ಕನ ಮಗ. ಸೋಮವಾರದಿಂದ ಶುಕ್ರವಾರದವರೆಗೆ ಯಾವುದೋ ದೇಶದ ಬ್ಯಾಂಕಿನ ಸಾಫ್ಟ್‌ವೇರಿಗೆ ತೇಪೆ ಹಾಕುತ್ತಾನೆ. ಶನಿವಾರ ಬಂತೆಂದರೆ ನೀರಿನ ಬಾಟಲಿ, ಒಂದು ಮೆತ್ತನೆಯ ಬ್ರಷ್ಷು, ಪವರ್ ಬ್ಯಾಂಕು ಚೀಲಕ್ಕೆ ತುಂಬಿಕೊಂಡು ಕಲ್ಲು ಹುಡುಕೋಕೆ ಹೊರಟ. ಹೆಣ್ಣು ನೋಡೋಕೆ ಹೋದ ಊರಿನಲ್ಲೂ ಕೆರೆ ಏರಿ ಮೇಲಿನ ವೀರಗಲ್ಲು ನೋಡಿಕೊಂಡು ಬಂದ. ‘ಹೇಗಿತ್ತೋ?’ ಅಂದರೆ, ‘ಗಂಗರ ಕಾಲದ್ದಿರಬೇಕು ಚಿಕ್ಕಮ್ಮ’ ಅಂದ. ಆ ಸಂಬಂಧ ಅಲ್ಲಿಗೇ ಮುಗೀತು.

ಇನ್ನೊಂದು ಕಡೆ ನಮ್ಮ ಚಿಕ್ಕಪ್ಪ. ಬ್ಯಾಂಕಿನಿಂದ ನಿವೃತ್ತರಾದ ಮೇಲೆ ಇತಿಹಾಸ ಖಾತೆಯನ್ನು ತಾವೇ ವಹಿಸಿಕೊಂಡವರು. ಅವರ ಪಾಠ ಬೆಳಿಗ್ಗೆ ಕಾಫಿಗೆ ಮುಂಚೆಯೇ ನಮ್ಮ ಕುಟುಂಬದ ವಾಟ್ಸ್ಯಾಪ್ ಗುಂಪಿಗೆ ಇಳಿಯುತ್ತೆ. ನಮ್ಮ ರಾಷ್ಟ್ರಗೀತೆಯೇ ಜಗತ್ತಿನಲ್ಲಿ ಅತ್ಯುತ್ತಮ ಅಂತ ಯುನೆಸ್ಕೋ ಘೋಷಿಸಿತು (ಘೋಷಿಸಿಲ್ಲ, ಆದರೆ ಪ್ರತಿ ಆಗಸ್ಟಿನಲ್ಲೂ ಹೊಸದಾಗಿ ಘೋಷಿಸುತ್ತೆ). ಕೆಂಪೇಗೌಡರು 1537ರಲ್ಲಿ ಪೇಟೆ ಕಟ್ಟಿಸುತ್ತಿರುವ ಅಪರೂಪದ ಫೋಟೋ, ಅದೂ ಬಣ್ಣದ್ದು. ಕೂಡಲಸಂಗಮದೇವನ ಅಂಕಿತ ಅಂಟಿಸಿಕೊಂಡು ‘ಪಾಸಿಟಿವ್ ಥಿಂಕಿಂಗ್’ ಬೋಧಿಸುವ ವಚನ. ಅಂಥದ್ದೊಂದು ಬಂದ ದಿನ ನಮ್ಮಕ್ಕನ ಮಗ ‘ವಚನ ಸಂಚಯ’ ತೆರೆದು, ಅದರ ಎರಡು ಪದ ಹಾಕಿ ಹುಡುಕಿ, ‘ಇಂಥ ವಚನ ಇಲ್ಲ ತಾತ’ ಅಂತ ಪರದೆಯ ಚಿತ್ರವನ್ನೇ ಹಾಕಿದ. ಇಪ್ಪತ್ತು ಸಾವಿರ ದಾಟಿದ ವಚನಗಳನ್ನು ಪದ ಪದ ಹುಡುಕಬಹುದಾದ ತಾಣ ಅದು. ಚಿಕ್ಕಪ್ಪ ಜಗ್ಗಲಿಲ್ಲ. ‘ಕಂಪ್ಯೂಟರಿಗೆ ಗೊತ್ತಿರೋ ಬಸವಣ್ಣ ಎಷ್ಟು, ನನಗೆ ಗೊತ್ತಿರೋ ಬಸವಣ್ಣ ಎಷ್ಟು!’

ಅಂದಿನಿಂದ ಹುಡುಗ ವಾದ ಬಿಟ್ಟ. ಚಿಕ್ಕಪ್ಪ ಏನೇ ಇತಿಹಾಸ ಕಳಿಸಲಿ, ಕೆಳಗೆ ಒಂದೇ ಸಾಲು ಹಾಕುತ್ತಾನೆ: ‘ಲೊಕೇಶನ್ ಕಳಿಸಿ ತಾತ.’

ಇದು ಉದ್ಧಟತನ ಅಂತ ನಾವೆಲ್ಲ ಮೊದಲು ಅಂದುಕೊಂಡೆವು. ಆಮೇಲೆ ಅರ್ಥವಾಯ್ತು, ಇವನ ಪಂಗಡದವರ ಸಿದ್ಧಾಂತವೇ ಇದು. ಕಲ್ಲೆಲ್ಲಿದೆ? ಓಲೆಯೆಲ್ಲಿದೆ? ಯಾವ ಪುಸ್ತಕದ ಯಾವ ಪುಟ? ನಾನು ಹೋಗಿ ನೋಡಬಹುದಾ? ನೋಡಬಹುದು ಅಂದರೆ ಮುಂದಿನ ಮಾತು. ಇಲ್ಲ ಅಂದರೆ ಅದು ಕಥೆ. ಕಥೆಯ ಮೇಲೆ ಅವರಿಗೆ ದ್ವೇಷವೇನಿಲ್ಲ, ಕಥೆಯನ್ನು ಕಥೆ ಅಂತಲೇ ಹೇಳಿ ಅನ್ನೋದಷ್ಟೇ ತಕರಾರು.

ಬೆಂದಕಾಳೂರಿನ ಗಲಾಟೆ ಆಗಿದ್ದು ಹೀಗೇ. ಹೊಯ್ಸಳರ ವೀರಬಲ್ಲಾಳ ಬೇಟೆಗೆ ಬಂದು, ದಾರಿ ತಪ್ಪಿ, ಹಸಿದು, ಒಬ್ಬ ಅಜ್ಜಿ ಕೊಟ್ಟ ಬೆಂದ ಕಾಳು ತಿಂದು, ಊರಿಗೆ ಬೆಂದಕಾಳೂರು ಅಂತ ಹೆಸರಿಟ್ಟ ಕಥೆ ಯಾರಿಗೆ ಗೊತ್ತಿಲ್ಲ? ಚಿಕ್ಕಪ್ಪ ಅದನ್ನು ಅಜ್ಜಿಯ ಚಿತ್ರ ಸಮೇತ ಕಳಿಸಿದರು. ಈ ಸಲ ಹುಡುಗ ತಾನೇ ಬೇಗೂರಿನ ಲೊಕೇಶನ್ ಕಳಿಸಿದ. ಬೇಗೂರಿನ ಪಂಚಲಿಂಗೇಶ್ವರ ದೇವಸ್ಥಾನದ ಆವರಣದಲ್ಲಿ ಒಂದು ಕಲ್ಲಿದೆ. ಕಾಲ ಸುಮಾರು 890. ಬೆಂಗಳೂರಿನ ಕಾಳಗದಲ್ಲಿ ನಾಗತ್ತರ ಎಂಬವನ ಮಗ ಸತ್ತ ಅಂತ ಅದರಲ್ಲಿ ಕೆತ್ತಿದೆ. ಇಮ್ಮಡಿ ವೀರಬಲ್ಲಾಳ ಪಟ್ಟಕ್ಕೆ ಬಂದದ್ದು 1173ರಲ್ಲಿ. ಅಂದರೆ ರಾಜ ಪಟ್ಟಕ್ಕೆ ಬರೋಕೆ ಸುಮಾರು ಇನ್ನೂರೆಂಬತ್ತು ವರ್ಷ ಮುಂಚೆಯೇ ಊರಿಗೆ ಹೆಸರಿತ್ತು, ಆ ಹೆಸರಿನ ಊರಿನಲ್ಲಿ ಜನ ಹೊಡೆದಾಡಿ ಸತ್ತೂ ಇದ್ದರು. ಚಿಕ್ಕಪ್ಪ ಲೆಕ್ಕ ಹಾಕಿದರು, ಬ್ಯಾಂಕಿನವರಲ್ಲವೇ. ‘ಹಾಗಾದರೆ ಅಜ್ಜಿ ಕಾಳು ಕೊಟ್ಟಿದ್ದು ಸುಳ್ಳಾ?’ ಅಂದರು. ‘ಕೊಟ್ಟಿರಬಹುದು ತಾತ, ಹೆಸರಿಡೋ ಬದಲು ರಾಜ ಥ್ಯಾಂಕ್ಸ್ ಹೇಳಿ ಹೋಗಿರಬೇಕು’ ಅಂದ.

ಇವರಿಗೆ ಈ ಲೊಕೇಶನ್ ಹುಚ್ಚು ಹಿಡಿಸಿದ್ದು ಯಾರು ಅಂತ ಹುಡುಕಿದರೆ ಇಂಟರ್ನೆಟ್ ಅಲ್ಲ, ಬಿ. ಎಲ್. ರೈಸ್. 1837ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿದ ಮನುಷ್ಯ. ಶಿಕ್ಷಣ ಇಲಾಖೆಯ ಕೆಲಸದ ಮೇಲೆ ಊರೂರು ಸುತ್ತುವಾಗ ಕಣ್ಣಿಗೆ ಬಿದ್ದ ಕಲ್ಲುಗಳ ಹಿಂದೆ ಬಿದ್ದು, ಕೊನೆಗೆ ಮೈಸೂರು ಸಂಸ್ಥಾನದ ಪುರಾತತ್ವ ಇಲಾಖೆಯನ್ನೇ ನಡೆಸಿದ. ಹನ್ನೆರಡು ಸಂಪುಟಗಳ ಎಪಿಗ್ರಾಫಿಯಾ ಕರ್ನಾಟಿಕದಲ್ಲಿ ಸುಮಾರು 9,000 ಶಾಸನಗಳನ್ನು ಅಚ್ಚು ಹಾಕಿಸಿದ. ಬೆಂಗಳೂರು ಜಿಲ್ಲೆಯದು ಒಂಬತ್ತನೆಯ ಸಂಪುಟ, 1905ರದು. ಪ್ರತಿ ಶಾಸನಕ್ಕೂ ವಿಳಾಸ ಬರೆದಿದ್ದಾನೆ: ಇಂಥ ಊರು, ಇಂಥ ಗುಡಿ ಮುಂದೆ, ಇಂಥವರ ಹೊಲದಲ್ಲಿ, ಕೆರೆಯ ಇಂಥ ದಿಕ್ಕಿನಲ್ಲಿ. ಆ ಕಾಲಕ್ಕೆ ಅದಕ್ಕಿಂತ ಖಚಿತ ಗುರುತು ಇನ್ನೇನು ಬೇಕು? ಹೊಲ ಓಡಿಹೋಗುತ್ತಾ?

ಓಡಿಹೋಯ್ತು ಸ್ವಾಮಿ. ಹೊಲ ಹೋಗಿ ಲೇಔಟ್ ಆಯ್ತು, ಕೆರೆ ಹೋಗಿ ಬಸ್ ನಿಲ್ದಾಣ ಆಯ್ತು, ಗುಡಿ ಜೀರ್ಣೋದ್ಧಾರವಾಗಿ ಬಾತ್‌ರೂಮ್ ಟೈಲ್ಸ್ ಹೊದ್ದುಕೊಂಡಿತು. 2017ರ ಸುಮಾರಿಗೆ ಪಿ. ಎಲ್. ಉದಯ ಕುಮಾರ್ ಎಂಬ ಮೆಕ್ಯಾನಿಕಲ್ ಎಂಜಿನಿಯರ್ ಮತ್ತು ಅವರ ಗೆಳೆಯರು ಹಳೇ ಸಂಪುಟ ಹಿಡಿದು ಬೆಂಗಳೂರಿನ ಶಾಸನಗಳನ್ನು ಒಂದೊಂದಾಗಿ ಹುಡುಕಲು ಹೊರಟಾಗ ಕಂಡದ್ದು ಇದೇ. ಪುಸ್ತಕದಲ್ಲಿದ್ದ ಎಷ್ಟೋ ಕಲ್ಲು ಭೂಮಿಯ ಮೇಲಿಲ್ಲ. ಇದ್ದವು ಚರಂಡಿ ಮೇಲಿನ ಚಪ್ಪಡಿಯಾಗಿಯೋ, ಬಟ್ಟೆ ಒಗೆಯೋ ಕಲ್ಲಾಗಿಯೋ ಇದ್ದವು. ಕೆಲವು ದೇವರಾಗಿದ್ದವು. ದೇವರಾದವು ಹೇಗೋ ಬದುಕಿಕೊಂಡವು, ಎಣ್ಣೆ ಅರಿಸಿನದ ಅಡಿಯಲ್ಲಿ ಉಸಿರು ಕಟ್ಟಿದ್ದರೂ.

ಈ ಬಳಗ ಮಾಡಿದ ಕೆಲಸದಲ್ಲಿ ಮಂತ್ರ ಮಾಯವೇನಿಲ್ಲ, ಎಲ್ಲ ನಮ್ಮ ನಿಮ್ಮ ಫೋನಿನಲ್ಲಿ ಇರೋದೇ. ಇಂಟರ್ನೆಟ್ ಆರ್ಕೈವ್‌ನಲ್ಲಿ ರೈಸ್ ಪುಸ್ತಕದ ಸ್ಕ್ಯಾನ್ ಪುಕ್ಕಟೆ ಸಿಗುತ್ತೆ. ಸಿಕ್ಕ ಕಲ್ಲಿಗೆ ಗೂಗಲ್ ನಕ್ಷೆಯಲ್ಲಿ ಗುರುತು. ಫೇಸ್‌ಬುಕ್ಕಿನಲ್ಲಿ ‘ಇನ್‌ಸ್ಕ್ರಿಪ್ಷನ್ ಸ್ಟೋನ್ಸ್ ಆಫ್ ಬ್ಯಾಂಗಲೂರ್’ ಅಂತ ಗುಂಪು. ನನ್ನಂಥವಳು ಅದೇ ಫೇಸ್‌ಬುಕ್ಕಿನಲ್ಲಿ ಹತ್ತು ವರ್ಷದ ಹಿಂದಿನ ಸೀರೆ ಫೋಟೋಗೆ ಯಾರು ಯಾರು ಲೈಕು ಹಾಕಿದರು ಅಂತ ಲೆಕ್ಕ ಹಾಕುತ್ತಿದ್ದಾಗ, ಇವರು ಎಂಟನೇ ಶತಮಾನದವನೊಬ್ಬನನ್ನು ಎಬ್ಬಿಸಿ ಕೂರಿಸುತ್ತಿದ್ದರು.

ಆತ ಹೆಬ್ಬಾಳದ ಕಿತ್ತಯ್ಯ. 2018ರಲ್ಲಿ ಹೆಬ್ಬಾಳದಲ್ಲಿ ಒಂದು ಮನೆಯ ಮುಂದೆ ಮೋರಿಗೆ ಅಗೆಯುವಾಗ ಮೇಲೆದ್ದ ಕಲ್ಲು. ಗಂಗರ ಶ್ರೀಪುರುಷನ ಕಾಲದ್ದು, ಸುಮಾರು 750ರದ್ದು. ಬೆಂಗಳೂರಿನಲ್ಲಿ ಈವರೆಗೆ ಸಿಕ್ಕ ಕನ್ನಡ ಶಾಸನಗಳಲ್ಲಿ ಇದೇ ಹಿರಿಯದು. ಊರ ಮೇಲೆ ಬಿದ್ದ ದಾಳಿಯಲ್ಲಿ ಹೋರಾಡಿ ಸತ್ತ ಕಿತ್ತಯ್ಯನ ಹೆಸರೂ ಇದೆ, ರೂಪವೂ ಕೆತ್ತಿದೆ. ಸಿಕ್ಕಿದ್ದು ಗೊತ್ತಿರುವವರ ಕಣ್ಣಿಗೆ ಬಿತ್ತು, ಆದ್ದರಿಂದ ಉಳಿಯಿತು. ಇಲ್ಲದಿದ್ದರೆ ಅದೇ ಮೋರಿಗೆ ಮುಚ್ಚಳವಾಗುತ್ತಿದ್ದ ಕಿತ್ತಯ್ಯ. ಆಮೇಲೆ ಜನರಿಂದ ದೇಣಿಗೆ ಕೂಡಿಸಿ ಗಂಗರ ಶೈಲಿಯಲ್ಲೇ ಒಂದು ಮಂಟಪ ಕಟ್ಟಿಸುವ ಕೆಲಸಕ್ಕೆ ಕೈ ಹಾಕಿದರು. ಗಣಪತಿ ಚಂದಾಕ್ಕೆ ಬಾಗಿಲು ಹಾಕಿಕೊಳ್ಳುವ ಬೆಂಗಳೂರಿನವರು ಒಬ್ಬ ಗುರುತಿಲ್ಲದ ವೀರನಿಗೆ ಆನ್‌ಲೈನಿನಲ್ಲಿ ದುಡ್ಡು ಹಾಕಿದರು ಅಂದರೆ ನೋಡಿ.

2021ರಿಂದ ಮಿಥಿಕ್ ಸೊಸೈಟಿ ಈ ಕೆಲಸವನ್ನು ಇನ್ನೂ ದೊಡ್ಡದಾಗಿ ಎತ್ತಿಕೊಂಡಿದೆ, ಮೂರು ಆಯಾಮದ ಸ್ಕ್ಯಾನ್ ಮೂಲಕ. ನೃಪತುಂಗ ರಸ್ತೆಯ ಮಿಥಿಕ್ ಸೊಸೈಟಿ 1909ರದು. ಒಳಗೆ ಹೋದರೆ ಹಳೇ ಕಾಗದದ ವಾಸನೆ, ಎತ್ತರದ ಚಾವಣಿ, ಪಿಸುಮಾತು. ಅಲ್ಲಿಂದ ಹೊರಟ ಹುಡುಗರ ಕೈಯಲ್ಲಿ ಇಸ್ತ್ರಿಪೆಟ್ಟಿಗೆಯಷ್ಟು ದೊಡ್ಡ ಸ್ಕ್ಯಾನರ್.

ಇದರ ಮಹಿಮೆ ತಿಳಿಯಬೇಕಾದರೆ ಹಳೇ ಪದ್ಧತಿ ನೋಡಬೇಕು. ಕಲ್ಲನ್ನು ತೊಳೆದು, ಒದ್ದೆ ಕಾಗದ ಅಂಟಿಸಿ, ಬ್ರಷ್ಷಿನಿಂದ ತಟ್ಟಿ ತಟ್ಟಿ ಅಕ್ಷರದ ಗುಳಿಯೊಳಕ್ಕೆ ಇಳಿಸಿ, ಮೇಲೆ ಮಸಿಯ ಉಂಡೆ ಒತ್ತಿದರೆ ಅಕ್ಷರ ಬೆಳ್ಳಗೆ, ಸುತ್ತ ಕಪ್ಪಗೆ ಪಡಿಯಚ್ಚು ಬರುತ್ತೆ. ಗಾಳಿ ಬಂದರೆ ಕಾಗದ ಹಾರುತ್ತೆ, ಬಿಸಿಲು ಹೆಚ್ಚಾದರೆ ಒಡೆಯುತ್ತೆ, ಮಳೆ ಬಂದರೆ ಎಲ್ಲ ಹೊಳೆಯಲ್ಲಿ ಹುಣಿಸೆ ಹಣ್ಣು ತೊಳೆದಂತೆ. ಹೀಗೆ ತೆಗೆದ ಅಚ್ಚುಗಳೇ ರಾಶಿ ರಾಶಿ ಮೈಸೂರಿನ ಶಾಸನ ಕಚೇರಿಯಲ್ಲಿವೆ. ಭಾರತೀಯ ಪುರಾತತ್ವ ಸರ್ವೇಕ್ಷಣೆಯ ಆ ಶಾಖೆ 1966ರಲ್ಲಿ ಊಟಿಯಿಂದ ಮೈಸೂರಿಗೆ ಬಂತು. ಪಡಿಯಚ್ಚು ತೆಗೆಯುವವರ ಕೈಚಳಕವನ್ನು ನಾನು ಹಗುರ ಮಾಡುತ್ತಿಲ್ಲ. ನೂರು ವರ್ಷ ನಮ್ಮ ಇತಿಹಾಸದ ಪಾಠಪುಸ್ತಕ ನಿಂತದ್ದು ಆ ಮಸಿಯ ಮೇಲೆ.

ಸ್ಕ್ಯಾನರ್ ಕಲ್ಲನ್ನು ಮುಟ್ಟೋದೇ ಇಲ್ಲ. ಬೆಳಕಿನ ಗೆರೆಗಳನ್ನು ಕಲ್ಲಿನ ಮೇಲೆ ಚೆಲ್ಲುತ್ತೆ. ಸಮತಟ್ಟಾದ ಕಡೆ ಗೆರೆ ನೆಟ್ಟಗೆ, ಗುಳಿ ಇದ್ದ ಕಡೆ ಸೊಟ್ಟ. ಎಷ್ಟು ಸೊಟ್ಟ ಅನ್ನೋದನ್ನು ಕ್ಯಾಮೆರಾ ನೋಡಿ ಎಷ್ಟು ಆಳ ಅಂತ ಲೆಕ್ಕ ಹಾಕುತ್ತೆ, ಮಿಲಿಮೀಟರಿನ ಹತ್ತರಲ್ಲಿ ಒಂದು ಪಾಲಿನಷ್ಟು ನಾಜೂಕಾಗಿ. ಆಮೇಲೆ ಕಂಪ್ಯೂಟರಿನಲ್ಲಿ ಕಲ್ಲಿನ ಬಣ್ಣ, ಪಾಚಿಯ ಕಲೆ, ಯಾರೋ ಬಳಿದ ಸುಣ್ಣದ ಬಿಳುಪು, ಬಣ್ಣದಲ್ಲಿ ಬರೆದ ‘ರಾಜು ಲವ್ಸ್ ಗೀತಾ’, ಎಲ್ಲವನ್ನೂ ಕಳಚಿ ಬರೀ ಆಕಾರ ಉಳಿಸಿಕೊಳ್ಳಬಹುದು. ಸೂರ್ಯನನ್ನು ಯಾವ ಮೂಲೆಯಲ್ಲಿ ಬೇಕಾದರೂ ಹುಟ್ಟಿಸಿ ಯಾವ ಮೂಲೆಯಲ್ಲಿ ಬೇಕಾದರೂ ಮುಳುಗಿಸಬಹುದು. ಓರೆ ಬೆಳಕು ಬಿದ್ದಾಗ ಸವೆದ ಅಕ್ಷರ ನೆರಳಿನಲ್ಲಿ ಎದ್ದು ಕಾಣುತ್ತೆ. ನಮ್ಮ ಹುಡುಗ ಹಾಡುಹಗಲಲ್ಲಿ ಟಾರ್ಚ್ ಹಿಡಿಯುವ ಗುಟ್ಟೂ ಇದೇ: ಪಕ್ಕದಿಂದ ಬಿಟ್ಟ ಬೆಳಕು. ಊರಿನವರು ಪಾಪ, ಹುಡುಗನಿಗೆ ಕಣ್ಣು ಮಂದ ಅಂದುಕೊಳ್ಳುತ್ತಾರೆ.

ಸ್ಕ್ಯಾನ್ ಮಾಡಿದ್ದನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿಲ್ಲ ಅನ್ನೋದು ನನಗೆ ಹೆಚ್ಚು ಹಿಡಿಸಿದ ಸಂಗತಿ. ವಿಕಿಮೀಡಿಯಾ ಕಾಮನ್ಸಿನಲ್ಲಿ ಹಾಕುತ್ತಾರೆ. ನೀವು ಇಳಿಸಿಕೊಳ್ಳಬಹುದು, ತಿರುಗಿಸಬಹುದು, ‘ಇದು ತ ಅಲ್ಲ, ನ’ ಅಂತ ಜಗಳಕ್ಕೂ ಹೋಗಬಹುದು. ಹಳೇ ಕನ್ನಡದ ಅಕ್ಷರ ಶತಮಾನದಿಂದ ಶತಮಾನಕ್ಕೆ ಹೇಗೆ ಬದಲಾಯ್ತು ಅಂತ ತೋರಿಸಲು ‘ಅಕ್ಷರ ಭಂಡಾರ’ ಎಂಬ ತಂತ್ರಾಂಶವನ್ನೂ ಮಾಡಿದ್ದಾರೆ. ನಮ್ಮಲ್ಲಿ ಒಂದು ಪದ್ಧತಿ ಇತ್ತು, ಶಾಸನದ ಫೋಟೋ ಇದ್ದ ಪ್ರಾಧ್ಯಾಪಕರು ಅದನ್ನು ಮಗಳ ಜಾತಕದ ಹಾಗೆ ಬಚ್ಚಿಟ್ಟುಕೊಳ್ಳೋದು, ‘ಪ್ರಕಟಣೆ ಆಗಲಿ, ಆಮೇಲೆ ನೋಡೋಣ’ ಅಂತ. ಪ್ರಕಟಣೆ ಆಗುವಷ್ಟರಲ್ಲಿ ಕಲ್ಲೂ ಇರುತ್ತಿರಲಿಲ್ಲ, ಕೆಲವೊಮ್ಮೆ ಪ್ರಾಧ್ಯಾಪಕರೂ. ಆ ಬೀಗ ಈಗ ಸಡಿಲವಾಗಿದೆ.

ಹಾಗಂತ ಈ ಹೊಸಬರನ್ನು ಹೊಗಳಿ ಅಟ್ಟಕ್ಕೇರಿಸೋದು ಬೇಡ. ಇವರಲ್ಲೂ ತಮಾಷೆಗೇನು ಕಡಿಮೆಯಿಲ್ಲ. ಕಲ್ಲು ಕಂಡ ತಕ್ಷಣ ಅದರ ಜೊತೆ ಸೆಲ್ಫಿ. ಅದರಲ್ಲಿ ತೆಗೆದವನ ಮುಖ ಸ್ಪಷ್ಟ, ಶಾಸನ ಮಸುಕು. ‘ಮೊದಲು ನೋಡಿದ್ದು ನಾನು’ ಅಂತ ಜಗಳ. ಜಗಳದ ಪುರಾವೆಗೆ ಪೋಸ್ಟ್ ಹಾಕಿದ ಗಂಟೆ ನಿಮಿಷ. ಮಾರನೇ ದಿನ ಪತ್ರಿಕೆಯಲ್ಲಿ ‘ಅಪ್ರಕಟಿತ ಶಾಸನ ಪತ್ತೆ’. ಒಂದು ಊರಿನಲ್ಲಿ ಆ ಸುದ್ದಿಯನ್ನು ಓದಿ ಹೇಳಿದಾಗ ಜಗುಲಿ ಮೇಲೆ ಕೂತಿದ್ದ ಅಜ್ಜಿ ಕೇಳಿದ ಪ್ರಶ್ನೆಗೆ ನಮ್ಮಕ್ಕನ ಮಗ ಇವತ್ತಿಗೂ ಉತ್ತರ ಹುಡುಕುತ್ತಿದ್ದಾನೆ: ‘ಪತ್ತೆ ಆಯ್ತಾ? ಅದೆಲ್ಲಿಗೋಗಿತ್ತಪ್ಪ ಪತ್ತೆ ಆಗಕ್ಕೆ? ನಾನು ಸೊಸೆಯಾಗಿ ಬಂದಾಗಿಂದ ಇಲ್ಲೇ ಐತೆ. ಅದರ ಮ್ಯಾಲೇ ಸಂಡಿಗೆ ಒಣಗಾಕ್ತಿದ್ವಿ.’

ಊರಿನವರ ಬೇರೆ ಪ್ರಶ್ನೆಗಳೂ ಕೇಳುವಂತಿರುತ್ತವೆ. ಶಾಸನ ಓದಿ ಅರ್ಥ ಹೇಳಿದರೆ ಮೊದಲ ಪ್ರಶ್ನೆ, ‘ನಮ್ಮೋರ ಹೆಸರು ಐತಾ?’ ಎರಡನೆಯದು, ‘ಗುಡಿಗೆ ಗದ್ದೆ ಬಿಟ್ಟಿದ್ದಾರೆ ಅಂದ್ರಲ್ಲ, ಆ ಗದ್ದೆ ಎಲ್ಲಿ ಬರ್ತದೆ? ಈಗ ಯಾರ ಹೆಸರಲ್ಲಿದೆ? ಕೇಸ್ ಹಾಕಬಹುದಾ?’ ಹದಿನಾಲ್ಕನೇ ಶತಮಾನದ ದಾನಕ್ಕೆ ಇಪ್ಪತ್ತೊಂದನೇ ಶತಮಾನದ ಪಹಣಿ ಕೇಳುವ ಜನ ನಾವು. ಮೂರನೆಯ ಪ್ರಶ್ನೆ ಯಾರೂ ಬಾಯಿ ಬಿಟ್ಟು ಕೇಳೋದಿಲ್ಲ, ಕಣ್ಣಲ್ಲೇ ಕೇಳುತ್ತಾರೆ: ನಿಧಿ ಎಲ್ಲಿದೆ ಅಂತ ಬರೆದಿದೆಯಾ?

ಇಲ್ಲೇ ಲೊಕೇಶನ್ ಸಿದ್ಧಾಂತಕ್ಕೆ ಪೆಟ್ಟು ಬೀಳೋದು. ಕಲ್ಲಿನ ಗುರುತು ನಕ್ಷೆಯಲ್ಲಿ ಹಾಕಿದರೆ ನಾನೂ ನೀವೂ ಹೋಗಿ ನೋಡಬಹುದು. ಹಾರೆ ಗುದ್ದಲಿ ಹಿಡಿದವನೂ ಅಮಾವಾಸ್ಯೆ ರಾತ್ರಿ ಅದೇ ಗುರುತು ಹಿಂಬಾಲಿಸಿ ಬರಬಹುದು. ಅಕ್ಷರ ಇರುವ ಕಲ್ಲಿನಡಿ ಹೊನ್ನಿದೆ ಅನ್ನೋ ನಂಬಿಕೆಗೆ ನಮ್ಮಲ್ಲಿ ಎಷ್ಟೋ ಶಾಸನ, ವೀರಗಲ್ಲು ಬಲಿಯಾಗಿವೆ. ಹಾಗಾದರೆ ವಿಳಾಸ ಮುಚ್ಚಿಡಬೇಕಾ? ಈ ವಾದ ಅವರ ಗುಂಪುಗಳಲ್ಲಿ ಮುಗಿಯದ ವಾದ. ತೆರೆದಿಡಬೇಕು ಅನ್ನೋ ಹುಡುಗನ ಪಕ್ಷವೇ ನನ್ನದೂ. ನಿಧಿಗಳ್ಳನಿಗೆ ನಕ್ಷೆ ಬೇಕಿಲ್ಲ, ಅವನಿಗೆ ಊರಿನಲ್ಲೇ ನೆಂಟರಿರುತ್ತಾರೆ. ನಕ್ಷೆ ಇಲ್ಲದೆ ಪೇಚಾಡೋದು ನಿಯತ್ತಿನವನೇ. ಕಲ್ಲಿನಲ್ಲಿ ಏನು ಬರೆದಿದೆ ಅಂತ ಗೊತ್ತಿಲ್ಲದಿದ್ದಾಗಲೇ ಅದರಡಿ ಹೊನ್ನು ಹುಟ್ಟೋದು. ‘ಇದರಲ್ಲಿರೋದು ಕೆರೆಗೆ ಬಿಟ್ಟ ಎರಡು ಖಂಡುಗ ಗದ್ದೆ ಲೆಕ್ಕ ಕಣಪ್ಪಾ’ ಅಂತ ಊರ ಮುಂದೆ ಗಟ್ಟಿಯಾಗಿ ಓದಿ, ಪಕ್ಕದಲ್ಲಿ ಹಲಗೆ ಬರೆದು ಹಾಕಿದರೆ ಗುದ್ದಲಿಯವನ ಉತ್ಸಾಹ ಅರ್ಧ ಇಳಿಯುತ್ತೆ. ಒಂಟಿಯಾಗಿ ಹೊಲದಲ್ಲಿ ನಿಂತ ಕಲ್ಲಿನ ಮಾತು ಬೇರೆ. ಅಂಥದ್ದಕ್ಕೆ ಊರಿನ ಹೆಸರಷ್ಟೇ ಹೇಳಿ ಸುಮ್ಮನಿರೋದು ಜಾಣತನ.

ಭಾಷೆಯ ಜಗಳದಲ್ಲಂತೂ ಈ ಕಲ್ಲುಗಳು ಯಾರ ಪಕ್ಷಕ್ಕೂ ಪೂರ್ತಿ ಬರೋದಿಲ್ಲ. ಬೆಂಗಳೂರು ಯಾರದು ಅಂತ ಫೋನಿನಲ್ಲಿ ದಿನಾ ಕುಸ್ತಿ ನಡೆಯುತ್ತಲ್ಲ, ಅವರೆಲ್ಲ ಒಂದು ದಿನ ದೊಮ್ಮಲೂರಿನ ಚೊಕ್ಕನಾಥ ದೇವಸ್ಥಾನಕ್ಕೆ ಹೋಗಿ ಗೋಡೆ ನೋಡಿ ಬರಬೇಕು. ತಮಿಳು ಶಾಸನಗಳಿವೆ, ಹೊಯ್ಸಳರ ಕಾಲದವೂ ಇವೆ. ಕಾಡುಗೋಡಿ ಕಡೆ ರಾಜೇಂದ್ರ ಚೋಳನ ಕಾಲದ 1043ರ ತಮಿಳು ಶಾಸನ ಪಟ್ಟಂದೂರಿನ ಕೆರೆ ಕಟ್ಟಿಸಿದ್ದನ್ನು, ಗುಡಿಗಳನ್ನು ಮಾಡಿಸಿದ್ದನ್ನು ಹೇಳುತ್ತೆ. ಈಗ ಆ ಸುತ್ತಲೇ ಇರೋದು ವೈಟ್‌ಫೀಲ್ಡಿನ ಗಾಜಿನ ಕಟ್ಟಡಗಳು. ಹೆಬ್ಬಾಳ ಬೇಗೂರುಗಳಲ್ಲಿ ಅದಕ್ಕಿಂತ ಹಳೆಯ ಕನ್ನಡ ಶಾಸನಗಳು. ಒಂದೇ ಕಲ್ಲು ಎತ್ತಿ ಹಿಡಿದು ಪಕ್ಕದ್ದನ್ನು ಕತ್ತರಿಸಿದ ಫೋಟೋ ಹಾಕಿದರೆ ಯಾವ ಪಕ್ಷ ಬೇಕಾದರೂ ಗೆಲ್ಲಬಹುದು. ನಕ್ಷೆ ಪೂರ್ತಿ ತೆರೆದಿಟ್ಟರೆ ಯಾರೂ ಗೆಲ್ಲೋದಿಲ್ಲ. ಅದಕ್ಕೇ ಇರಬೇಕು, ನಕ್ಷೆಗೆ ಲೈಕು ಕಡಿಮೆ.

ಪರದೆಯ ಮೇಲಿನ ಇತಿಹಾಸವನ್ನು ಎಷ್ಟು ನಂಬಬೇಕು ಅನ್ನೋ ಪ್ರಶ್ನೆ ನಮ್ಮ ಮನೆಯದಷ್ಟೇ ಅಲ್ಲ. ಅಮೆರಿಕದಲ್ಲಿ ರಾಯ್ ರೋಸೆನ್‌ಜ್ವೈಗ್ ಅಂತ ಒಬ್ಬ ಇತಿಹಾಸಕಾರರಿದ್ದರು. ಇತಿಹಾಸಕ್ಕೆ ಕಂಪ್ಯೂಟರ್ ಹೇಗೆ ಬಳಸಬೇಕು ಅಂತ 1994ರಲ್ಲೇ ವಿಶ್ವವಿದ್ಯಾಲಯದಲ್ಲಿ ಒಂದು ಕೇಂದ್ರ ತೆರೆದವರು. 2006ರಲ್ಲಿ ಅವರು ವಿಕಿಪೀಡಿಯಾವನ್ನು ಪರೀಕ್ಷೆಗೆ ಕೂರಿಸಿ, ಮಾಹಿತಿಯೇನೋ ಹೆಚ್ಚುಕಡಿಮೆ ಸರಿಯಿದೆ, ಬರವಣಿಗೆ ಮಾತ್ರ ಸಪ್ಪೆ ಅಂತ ತೀರ್ಪು ಕೊಟ್ಟರು. ನಮ್ಮ ಕುಟುಂಬದ ಗುಂಪಿಗೆ ಅವರು ಅಂಕ ಹಾಕಿದ್ದರೆ ತಿರುವುಮುರುವು ಆಗುತ್ತಿತ್ತು. ಬರವಣಿಗೆಗೆ ನೂರಕ್ಕೆ ನೂರು.

ಈಗ ಚಿಕ್ಕಪ್ಪನಿಗೂ ನ್ಯಾಯ ಸಲ್ಲಿಸಬೇಕು. ಲೊಕೇಶನ್ ಲೊಕೇಶನ್ ಅಂತ ಕೇಳಿ ಕೇಳಿ ಅವರಿಗೆ ರೇಗಿತು. ಒಂದು ದಿನ ಉದ್ದನೆಯ ವಾಯ್ಸ್ ಮೆಸೇಜು ಹಾಕಿದರು. ‘ನಮ್ಮ ಮಾವನ ಊರಲ್ಲಿ ಕೆರೆ ಸೋಪಾನಕ್ಕೆ ಒಂದು ಕಲ್ಲು ಹಾಕಿದಾರೆ. ಮೂರನೇ ಮೆಟ್ಟಲು. ಅದರ ಮೇಲೆ ಜಿಲೇಬಿ ಥರ ಬರೆದಿದೆ. ನಾನು ಅಳಿಯತನಕ್ಕೆ ಹೋದಾಗ ಕಾಲು ತೊಳೆದಿದ್ದು ಅದರ ಮೇಲೇ. ಲೊಕೇಶನ್ ಹಾಕೋಕೆ ನನಗೆ ಬರಲ್ಲ. ಅರಳೀಮರದಿಂದ ಎಡಕ್ಕೆ ತಿರುಗಿ, ಗಿರಣಿ ದಾಟಿ, ಪೂಜಾರರ ಹಿತ್ತಲ ಹಿಂದೆ. ಗಿರಣಿ ಇದ್ದರೆ.’

ಹುಡುಗ ಕೇಳಿ ಕುಣಿದಾಡಿಬಿಟ್ಟ. ‘ಚಿಕ್ಕಮ್ಮ, ಇದು ಥೇಟ್ ರೈಸ್ ಬರೆದ ಹಾಗೇ ಇದೆ!’ ಹೊರಟೇಬಿಟ್ಟ, ತಾತನನ್ನೂ ಕಾರಿಗೆ ಹತ್ತಿಸಿಕೊಂಡು. ಗಿರಣಿ ಇರಲಿಲ್ಲ. ಅರಳೀಮರ ಇತ್ತು. ಕಲ್ಲೂ ಇತ್ತು, ಮೇಲಿನ ಮೂರು ಸಾಲು ಸಿಮೆಂಟಿನೊಳಗೆ, ಉಳಿದದ್ದು ತಲೆಮಾರುಗಳ ಪಾದದ ಕೆಳಗೆ ಸವೆದು. ರೈಸ್ ಸಂಪುಟದಲ್ಲಿ ಆ ಊರೇನೋ ಇದೆ, ಈ ಕಲ್ಲು ಇಲ್ಲ. ಚಿಕ್ಕಪ್ಪ ಬಿಸಿಲಿನಲ್ಲಿ ನಿಂತು ಪಕ್ಕದಿಂದ ಟಾರ್ಚ್ ಹಿಡಿದರಂತೆ. ಊರಿನವರು ಬಂದು ‘ಏನ್ ಸ್ವಾಮಿ, ನಿಧೀನಾ?’ ಅಂದಾಗ, ‘ಏನಯ್ಯ ಮಾತಾಡ್ತೀಯ? ನಾನು ಈ ಊರಿನ ಅಳಿಯ’ ಅಂತ ಗದರಿಸಿದರಂತೆ. ಅಲ್ಲಿಂದಾಚೆ ಯಾರೂ ಅಡ್ಡ ಬರಲಿಲ್ಲ, ಕಾಫಿಯೂ ಬಂತು. ಇಂಥ ಅನುಮತಿಪತ್ರ ಯಾವ ಆ್ಯಪಿನಲ್ಲೂ ಸಿಗೋದಿಲ್ಲ. ಈಗ ಹುಡುಗನೇ ಮನೆತನದ ಹಿರಿಯರ ಹಿಂದೆ ಬಿದ್ದು ಯಾರು ಯಾವ ಕಲ್ಲಿನ ಮೇಲೆ ಕಾಲು ತೊಳೆದರು, ಎಲ್ಲಿ ಎಮ್ಮೆ ಕಟ್ಟಿದರು ಅಂತ ಧ್ವನಿ ಹಿಡಿದಿಡುತ್ತಿದ್ದಾನೆ. ಉಪಗ್ರಹದ ಚಿತ್ರದಲ್ಲಿ ಕೆರೆ ಕಾಣುತ್ತೆ, ಮೂರನೇ ಮೆಟ್ಟಲು ಕಾಣೋದಿಲ್ಲವಲ್ಲ.

ಇಷ್ಟೆಲ್ಲ ಸ್ಕ್ಯಾನು, ನಕ್ಷೆ, ಧ್ವನಿ ಕೂಡಿಟ್ಟದ್ದು ಎಷ್ಟು ದಿನ ಉಳಿಯುತ್ತೆ ಅನ್ನೋದು ಚಿಕ್ಕಪ್ಪನ ಹೊಸ ತಕರಾರು. ಸುಮ್ಮನೆ ತಳ್ಳಿಹಾಕುವ ಮಾತಲ್ಲ. ಲಕ್ಷಾಂತರ ಜನರ ಪುಟಗಳಿದ್ದ ಜಿಯೋಸಿಟೀಸ್ 2009ರಲ್ಲಿ ಮುಚ್ಚಿತು, ಆರ್ಕುಟ್ 2014ರಲ್ಲಿ. ನಮ್ಮದೇ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾದ ತಾಣ ನಿಂತುಹೋದಾಗ ಅದರ ಪುಸ್ತಕಗಳು ಇವತ್ತಿಗೂ ಓದಲು ಸಿಗುತ್ತಿರೋದು ಇಂಟರ್ನೆಟ್ ಆರ್ಕೈವಿನಲ್ಲಿ ಪ್ರತಿ ಇದ್ದದ್ದರಿಂದ. ಆ ಆರ್ಕೈವಿಗೇ 2024ರ ಅಕ್ಟೋಬರಿನಲ್ಲಿ ಕನ್ನಗಳ್ಳರು ನುಗ್ಗಿ ಕೆಲವು ದಿನ ಬಾಗಿಲು ಹಾಕಿಸಿದರು. ಕಿತ್ತಯ್ಯ ಮಾತ್ರ ಸಾವಿರದ ಇನ್ನೂರು ವರ್ಷ ಉಳಿದುಬಂದ, ಪಾಸ್‌ವರ್ಡ್ ಇಲ್ಲದೆ, ಕರೆಂಟಿಲ್ಲದೆ. ಹಾಗಂತ ಕಲ್ಲನ್ನು ನಂಬಿ ಕೂರೋಕೂ ಆಗಲ್ಲ, ಒಂದು ಜೆಸಿಬಿ ಸಾಕು. ಕಲ್ಲೂ ಇರಬೇಕು, ಅದರ ಪ್ರತಿ ನಾಲ್ಕು ಕಡೆಯೂ ಇರಬೇಕು.

ಶಾಸನ ಬರೆಸಿದವರಿಗೆ ಈ ಭಯ ಮೊದಲೇ ಇತ್ತು ಅನ್ನಿ. ಅದಕ್ಕೇ ಕೊನೆಯಲ್ಲಿ ಶಾಪ ಕೆತ್ತಿಸುತ್ತಿದ್ದರು: ಈ ದಾನ ಅಳಿಸಿದವನಿಗೆ ಕಾಶಿಯ ಗಂಗಾತೀರದಲ್ಲಿ ಕಪಿಲೆ ಹಸು ಕೊಂದ ಪಾಪ, ಮೇಲೆ ಅರವತ್ತು ಸಾವಿರ ವರ್ಷ ಹೇಸಿಗೆಯಲ್ಲಿ ಹುಳುವಾಗಿ ಹುಟ್ಟು. ‘ಇದನ್ನು ಹನ್ನೊಂದು ಜನಕ್ಕೆ ಕಳಿಸದಿದ್ದರೆ ಏಳು ದಿನದಲ್ಲಿ ಕೆಟ್ಟ ಸುದ್ದಿ’ ಅನ್ನೋ ಮೆಸೇಜಿನ ಮುತ್ತಾತ ಇದೇ ಅಂತ ನಾನಂದೆ. ಹುಡುಗ ಒಪ್ಪಲಿಲ್ಲ. ಶಾಸನದ ಶಾಪ ಕೆಡಿಸಿದವನಿಗೆ, ಮೆಸೇಜಿನ ಶಾಪ ಸುಮ್ಮನಿದ್ದವನಿಗೆ. ಅವನು ಹೇಳಿದ್ದೇ ಸರಿ.

ಆದ್ದರಿಂದ ಓದುಗ ಮಹಾಶಯರೇ, ನಿಮ್ಮ ಬೀದಿಯಲ್ಲೋ ತವರಿನಲ್ಲೋ ಮಾವನ ಊರಿನಲ್ಲೋ ಅಕ್ಷರದ ಕಲ್ಲಿದ್ದರೆ ಅದಕ್ಕೆ ಆಯಿಲ್ ಪೇಂಟ್ ಬಳಿಯಬೇಡಿ. ಆಸಿಡ್ ಹಾಕಿ, ತಂತಿ ಬ್ರಷ್ಷಿನಲ್ಲಿ ಉಜ್ಜಿ ತೊಳೆಯಬೇಡಿ. ಗುಡಿ ಜೀರ್ಣೋದ್ಧಾರಕ್ಕೆ ಕಂಟ್ರ್ಯಾಕ್ಟರ್ ಬಂದ ದಿನ ಅವನ ಪಕ್ಕದಲ್ಲೇ ನಿಂತಿರಿ. ಬೆಳಿಗ್ಗೆಯ ಇಲ್ಲವೇ ಸಂಜೆಯ ಓರೆ ಬಿಸಿಲಿನಲ್ಲಿ, ಪಕ್ಕದಲ್ಲಿ ಅಳತೆಗೆ ಒಂದು ಸ್ಕೇಲ್ ಇಟ್ಟು, ಹಿಂದೆ ಮುಂದೆ ಫೋಟೋ ತೆಗೆಯಿರಿ. ಊರು, ಜಾಗ, ಯಾರ ಮನೆ ಹತ್ತಿರ ಅಂತ ಬರೆದು, ಮನೆಯ ಹಿರಿಯರಿಗೆ ಗೊತ್ತಿರೋದನ್ನೂ ಸೇರಿಸಿ ಮಿಥಿಕ್ ಸೊಸೈಟಿಗೋ ನಿಮ್ಮ ಜಿಲ್ಲೆಯಲ್ಲಿ ಶಾಸನ ಓದುವವರಿಗೋ ತಲುಪಿಸಿ. ದಯವಿಟ್ಟು ಆ ಫೋಟೋದ ಮೇಲೆ ಗುಲಾಬಿ ಹೂವು ಅಂಟಿಸಿ ‘ಶುಭೋದಯ’ ಅಂತ ಬರೆಯಬೇಡಿ. ಅಕ್ಷರದ ಮೇಲೇ ಬಂದು ಕೂರುತ್ತೆ ಅದು.